ನಾಯಿಯು ಮನುಷ್ಯನ ಮೈಗೆ ಒರಗುವುದೇಕೆ?

ನಮ್ಮ ನಾಡಿನಲ್ಲಿ ನಾಯಿಯಿಲ್ಲದ ಹಟ್ಟಿಯನ್ನಾಗಲಿ, ಕುರಿಯ ಮಂದೆಯನ್ನಾಗಲಿ, ಸುಗ್ಗಿಯ ಕಣವನ್ನಾಗಲಿ ಕಾಣುವುದು ಅಪರೂಪ. ರಾತ್ರಿಯಲ್ಲಿ ಕಳ್ಳರ ಸುಳಿವನ್ನು ತಿಳಿಸುವುದು, ಹೊಲಕ್ಕೆ ನುಗ್ಗುವ ಹಂದಿಯನ್ನು ಬೆದರಿಸುವುದು, ಮಂದೆಯ ಬಳಿ ತೋಳವು ಸುಳಿದರೆ ಬೊಗಳಿ ಕುರುಬನನ್ನು ಎಬ್ಬಿಸುವುದು, ಇವೆಲ್ಲವೂ ಅದರ ಕೆಲಸಗಳೇ. ಆದಾಗ್ಯೂ ಎತ್ತು, ಹಸು, ಎಮ್ಮೆ, ಕುರಿಗಳ ಗುಣದೋಷಗಳನ್ನು ನೋಡಿದೊಡನೆ ಹೇಳಬಲ್ಲ ರೈತ ಮಹಾಶಯರು ನಾಯಿಯ ನಡತೆಯ ವಿಷಯದಲ್ಲಿ ಅಷ್ಟು ಗಮನವಿಟ್ಟಿರುವುದು ಕಂಡುಬರುವುದಿಲ್ಲ. ಅಂಥ ನಡತೆಗಳಲ್ಲಿ ಒಂದನ್ನು ಕುರಿತು ಈ ಲೇಖನದಲ್ಲಿ ವಿವರಿಸಲಾಗುವುದು.

ಸಂಜೆ ಹೊಲದಿಂದ ಬಂದ ಯಜಮಾನನು ಜಗಲಿಯ ಮೇಲೆ ಕುಳಿತಿರುತ್ತಾನೆ. ಮನೆಯ ನಾಯಿಯು ಮೆಲ್ಲನೆ ಬಂದು, ತನ್ನ ಪಕ್ಕೆಯನ್ನು ಅವನ ಕಾಲಿಗೆ ಆನಿಸಿ, ಮೈಯ ಭಾರವನ್ನು ಅವನ ಮೇಲೆ ಬಿಟ್ಟು ನಿಲ್ಲುತ್ತದೆ. ಇಲ್ಲವೆ ತಲೆಯನ್ನು ಅವನ ತೊಡೆಗೆ ಒತ್ತುತ್ತದೆ. ಇಲ್ಲವೆ ಮೂತಿಯಿಂದ ಅವನ ಕೈಯನ್ನು ನೂಕುತ್ತದೆ. ಇದನ್ನು ಕಂಡವರಲ್ಲಿ ಒಬ್ಬನು “ಹಸಿದಿದೆ” ಎನ್ನುತ್ತಾನೆ. ಮತ್ತೊಬ್ಬನು “ಸಲಿಗೆ ಹೆಚ್ಚಾಗಿ ತಲೆಗೇರುತ್ತಿದೆ” ಎಂದು ಒದೆಯುತ್ತಾನೆ. ಮೂರನೆಯವನು “ಪಾಪ, ಪ್ರೀತಿಯಿಂದ ಬಂದಿದೆ” ಎಂದು ಸುಮ್ಮನಾಗುತ್ತಾನೆ. ಈ ಮೂರು ಉತ್ತರಗಳಲ್ಲಿ ಯಾವುದೂ ಎಲ್ಲ ಸಮಯಕ್ಕೂ ಸರಿಯಾದುದಲ್ಲ. ಮಾತು ಬಾರದ ಪ್ರಾಣಿಗೆ ಮೈಯೇ ಮಾತು. ಅದೇ ಒರಗುವಿಕೆಯು ಆರೋಗ್ಯವಾದ ನಾಯಿಯಲ್ಲಿ ವಿಶ್ವಾಸವನ್ನೂ, ಹೆದರಿದ ನಾಯಿಯಲ್ಲಿ ಆಶ್ರಯದ ಬೇಡಿಕೆಯನ್ನೂ, ರೋಗಿಯಾದ ನಾಯಿಯಲ್ಲಿ ರೋಗವನ್ನೂ ಸೂಚಿಸುತ್ತದೆ. ಈ ಭೇದವನ್ನು ಅರಿಯದವನು ಒಳ್ಳೆಯ ಕಾವಲುನಾಯಿಯೊಂದನ್ನು ಕೆಡಿಸಿಕೊಳ್ಳಬಹುದು. ಅದಕ್ಕಿಂತಲೂ ಹೆಚ್ಚಾಗಿ, ತನ್ನ ಮನೆಯ ಮಗುವನ್ನೇ ಹುಚ್ಚುನಾಯಿ ರೋಗಕ್ಕೆ ಒಡ್ಡಬಹುದು. ಆದುದರಿಂದ ವಿಷಯವು ಅಲ್ಪವೆಂದು ತೋರಿದರೂ ಅಲಕ್ಷಿಸತಕ್ಕದ್ದಲ್ಲ.

ಮರಿಯ ಕಾಲದ ಅಭ್ಯಾಸ

ನಾಯಿಯ ಮರಿಯು ಹುಟ್ಟುವಾಗ ಅದರ ಕಣ್ಣುಗಳೂ ಕಿವಿಗಳೂ ಮುಚ್ಚಿರುತ್ತವೆ. ಕಣ್ಣು ತೆರೆಯಲು ಸುಮಾರು ೧೦ ರಿಂದ ೧೪ ದಿನಗಳು ಬೇಕಾಗುತ್ತವೆ. ಮೊದಲ ಕೆಲವು ವಾರಗಳಲ್ಲಿ ತನ್ನ ಮೈಯ ಶಾಖವನ್ನು ತಾನೇ ಕಾಪಾಡಿಕೊಳ್ಳುವ ಶಕ್ತಿಯೂ ಅದಕ್ಕೆ ಸಾಲದು. ಆದುದರಿಂದ ತಾಯಿಯ ಹೊಟ್ಟೆಗೂ ಒಡಹುಟ್ಟಿದ ಮರಿಗಳ ಮೈಗೂ ಒತ್ತಿಕೊಂಡು ಮಲಗುವುದೇ ಅದರ ಜೀವರಕ್ಷಣೆಯ ಉಪಾಯವಾಗಿರುತ್ತದೆ. ಬೆಚ್ಚಗಿನ ವಸ್ತುವು ಮೂತಿಗೆ ತಗಲಿದರೆ ಮರಿಯು ತಲೆಯನ್ನು ಮುಂದಕ್ಕೆ ನೂಕುತ್ತದೆ. ಹಾಗೆ ನೂಕಿದರೆ ಮೊಲೆಯು ಸಿಕ್ಕುತ್ತದೆ, ಹೊಟ್ಟೆಯು ತುಂಬುತ್ತದೆ. ಮೈಗೆ ಮೈ ತಗಲಿದಲ್ಲಿ ಶಾಖ, ಹಾಲು, ನಿರ್ಭಯ ಈ ಮೂರೂ ಇವೆಯೆಂಬ ಪಾಠವು ಕಣ್ಣು ತೆರೆಯುವ ಮೊದಲೇ ಅದಕ್ಕೆ ಆಗಿರುತ್ತದೆ. ಬೆಳೆದ ನಾಯಿಯು ಯಜಮಾನನ ಕಾಲಿಗೆ ಪಕ್ಕೆಯನ್ನು ಆನಿಸುವುದು ಈ ಪಾಠದ ಮುಂದುವರಿಕೆಯೆಂದು ಭಾವಿಸಬಹುದು.

ಮರಿಗೆ ೩ ರಿಂದ ೧೨ ವಾರಗಳಾಗುವವರೆಗಿನ ಕಾಲವು ಮತ್ತೊಂದು ದೃಷ್ಟಿಯಿಂದಲೂ ಮುಖ್ಯವಾದುದು. ಈ ಕಾಲದಲ್ಲಿ ಯಾರ ಕೈ ಅದರ ಮೈಮೇಲೆ ಮೃದುವಾಗಿ ಆಡುತ್ತದೆಯೋ ಆ ಜಾತಿಯ ಪ್ರಾಣಿಯನ್ನು ಅದು ತನ್ನವರೆಂದು ಎಣಿಸುತ್ತದೆ. ಅಮೆರಿಕ ದೇಶದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಅನೇಕ ವರ್ಷಗಳ ಪರೀಕ್ಷೆಯ ಫಲವಾಗಿ ೧೯೬೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಅಂಶವನ್ನು ಸ್ಥಾಪಿಸಿದ್ದಾರೆ. ಈ ವಯಸ್ಸಿನಲ್ಲಿ ಮನುಷ್ಯರನ್ನು ಕಾಣದೆ ಪೊದೆಯಲ್ಲಿ ಬೆಳೆದ ಮರಿಯು ಮುಂದೆ ಮನುಷ್ಯನ ಮೈಗೆ ಒರಗುವುದು ಕಷ್ಟ. ಅದು ಹೆದರಿಕೆಯಿಂದ ದೂರ ನಿಲ್ಲುತ್ತದೆ, ಮೂಲೆಗೆ ಸಿಕ್ಕಿದರೆ ಕಚ್ಚುತ್ತದೆ.

ಮನುಷ್ಯನೊಡನೆ ಹಳೆಯ ನಂಟು

ಮನುಷ್ಯನು ಹಸುವನ್ನೂ ಕುರಿಯನ್ನೂ ಸಾಕುವುದಕ್ಕೆ ಮೊದಲೇ, ನೇಗಿಲನ್ನು ಹಿಡಿಯುವುದಕ್ಕೆ ಮೊದಲೇ, ನಾಯಿಯು ಅವನ ಒಡನಾಡಿಯಾಯಿತು. ಜರ್ಮನಿಯ ಬಾನ್ ನಗರದ ಹತ್ತಿರ ಒಬರ್‌ಕಾಸೆಲ್ ಎಂಬಲ್ಲಿ ೧೯೧೪ರಲ್ಲಿ ಕಲ್ಲುಗಣಿಯ ಕೆಲಸಗಾರರಿಗೆ ದೊರೆತ ಸುಮಾರು ೧೪,೦೦೦ ವರ್ಷಗಳ ಹಿಂದಿನ ಸಮಾಧಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಇವರ ಅಸ್ಥಿಗಳ ಜೊತೆಯಲ್ಲಿ ಎಳೆಯ ನಾಯಿಯೊಂದರ ಅಸ್ಥಿಗಳೂ ಇದ್ದುವು. ಆ ನಾಯಿಯ ಹಲ್ಲುಗಳಲ್ಲಿ ಕಠಿಣವಾದ ರೋಗದ ಗುರುತುಗಳಿವೆ. ಮನುಷ್ಯರು ಬಹು ದಿನ ಆರೈಕೆ ಮಾಡದಿದ್ದರೆ ಅದು ಅಷ್ಟು ಕಾಲ ಬದುಕುತ್ತಿರಲಿಲ್ಲವೆಂದು ವಿದ್ವಾಂಸರು ಊಹಿಸಿದ್ದಾರೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಿಲಾಶಾಸನವನ್ನು ಅನೇಕರು ಬಲ್ಲರು. ಕ್ರಿ. ಶ. ೯೪೯ರ ತಕ್ಕೋಲದ ಯುದ್ಧವಾದ ಮೇಲೆ ಗಂಗರ ಬೂತುಗನು ತನ್ನ ವೀರನಾದ ಮಣಲೇರನಿಗೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಆತಕೂರಿನಲ್ಲಿ ಕಲ್ಲನ್ನು ನಿಲ್ಲಿಸಿ, ಪೂಜೆಗೆ ಭೂಮಿಯನ್ನು ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾಯಿಯನ್ನು ಗೌರವಿಸುವುದು ನಮ್ಮ ನಾಡಿಗೆ ಹೊಸ ವಿಷಯವಲ್ಲವೆಂಬುದಕ್ಕೆ ಇದೇ ಸಾಕ್ಷಿ.

ಈ ನಂಟಿಗೆ ದೇಹದಲ್ಲಿಯೂ ಆಧಾರವುಂಟು. ತಾಯಿಯು ಮಗುವಿಗೆ ಹಾಲೂಡುವಾಗ ಅವಳ ದೇಹದಲ್ಲಿ ಆಕ್ಸಿಟೋಸಿನ್ ಎಂಬ ರಸವು ಹೆಚ್ಚುತ್ತದೆ. ಮಮತೆಯು ನೆಲೆಗೊಳ್ಳುವುದಕ್ಕೆ ಇದು ಸಹಾಯಕ. ನಾಯಿಯೂ ಯಜಮಾನನೂ ಒಬ್ಬರನ್ನೊಬ್ಬರು ನೆಟ್ಟ ದೃಷ್ಟಿಯಿಂದ ನೋಡುತ್ತಿದ್ದಾಗ ಇಬ್ಬರಲ್ಲಿಯೂ ಇದೇ ರಸವು ಹೆಚ್ಚುವುದೆಂದು ಜಪಾನ್ ದೇಶದ ವಿಜ್ಞಾನಿಗಳು ೨೦೧೫ರಲ್ಲಿ ತೋರಿಸಿದರು. ಮನುಷ್ಯರ ಕೈಯಲ್ಲಿ ಬೆಳೆದ ತೋಳಗಳಲ್ಲಿ ಹೀಗಾಗುವುದು ಕಾಣಲಿಲ್ಲ. ನಮ್ಮ ದೇಶದಲ್ಲಿಯೇ ಕೋಲ್ಕತ್ತದ ವಿಜ್ಞಾನ ಸಂಸ್ಥೆಯೊಂದರ ಸಂಶೋಧಕರು ಬೀದಿನಾಯಿಗಳ ಮೇಲೆ ಪರೀಕ್ಷೆ ಮಾಡಿ ೨೦೧೭ರಲ್ಲಿ ಪ್ರಕಟಿಸಿದ ಫಲವು ಇನ್ನೂ ಗಮನಾರ್ಹವಾದುದು. ಅಪರಿಚಿತನಿಂದ ಪದೇ ಪದೇ ಆಹಾರವನ್ನು ಪಡೆದ ನಾಯಿಗಳಿಗಿಂತ, ಅವನಿಂದ ಪದೇ ಪದೇ ತಲೆಯನ್ನು ಸವರಿಸಿಕೊಂಡ ನಾಯಿಗಳೇ ಅವನನ್ನು ಹೆಚ್ಚಾಗಿ ನಂಬಿದುವು. ಮೇಲೆ ಹೇಳಿದ “ಹಸಿದಿದೆ” ಎಂಬ ಉತ್ತರವು ಏಕೆ ಸಾಲದೆಂಬುದು ಇದರಿಂದ ತಿಳಿಯುತ್ತದೆ.

ಆರೋಗ್ಯವಾದ ನಾಯಿಯು ಒರಗುವ ಸಂದರ್ಭಗಳು

(೧) ವಿಶ್ವಾಸ.— ಮೈ ಸಡಿಲವಾಗಿ, ಬಾಯಿ ಅರ್ಧ ತೆರೆದು, ಕಣ್ಣು ಶಾಂತವಾಗಿ, ಬಾಲವು ಬೆನ್ನಿನ ಮಟ್ಟದಲ್ಲಿ ಮೆಲ್ಲಗೆ ಆಡುತ್ತಿದ್ದರೆ ಆ ಒರಗುವಿಕೆಯು ವಿಶ್ವಾಸದ ಗುರುತು. ಬಾಗಿಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಯು ಇದಕ್ಕೆ ಒಳ್ಳೆಯ ಉದಾಹರಣೆ. ಅದು ಅಪರಿಚಿತರ ಕೈ ತನ್ನ ಮೈಗೆ ತಗಲುವುದನ್ನು ಸಾಮಾನ್ಯವಾಗಿ ಇಷ್ಟಪಡುವುದಿಲ್ಲ. ತನ್ನವನೆಂದು ಬಗೆದವನ ಬಳಿಗೆ ಮಾತ್ರ ತಾನಾಗಿ ಬಂದು ನಿಲ್ಲುತ್ತದೆ. ಅಂಥ ನಾಯಿಯು ಮೈಯನ್ನು ಆನಿಸಿತೆಂದರೆ ಅದರ ಬೆಲೆ ಹೆಚ್ಚು. ಈ ತಳಿಯ ಸಂರಕ್ಷಣೆಗಾಗಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವಿದೆ.

(೨) ಬೇಡಿಕೆ.— ಮೂತಿಯಿಂದ ಕೈಯನ್ನು ನೂಕಿ, ಬಾಗಿಲ ಕಡೆಗೋ ನೀರಿನ ಪಾತ್ರೆಯ ಕಡೆಗೋ ನೋಡಿ, ಮತ್ತೆ ಬಂದು ನೂಕಿದರೆ ಅದು ಏನನ್ನೋ ಕೇಳುತ್ತಿದೆಯೆಂದು ತಿಳಿಯಬೇಕು. ಒಮ್ಮೆ ನೂಕಿದಾಗ ರೊಟ್ಟಿಯ ಚೂರು ಸಿಕ್ಕಿದ್ದರೆ ಅದು ಮರುದಿನವೂ ನೂಕುತ್ತದೆ. ಹಾಗೆ ಕಲಿಸಿದವರು ನಾವೇ ಹೊರತು ನಾಯಿಯ ತಪ್ಪಿಲ್ಲ.

(೩) ಭಯ.— ಗುಡುಗು, ಪಟಾಕಿ, ಮದುವೆಯ ವಾದ್ಯ, ಅಪರಿಚಿತರ ಗುಂಪು ಇವುಗಳಿಂದ ಹೆದರಿದ ನಾಯಿಯು ಯಜಮಾನನ ಕಾಲುಗಳ ನಡುವೆ ನುಗ್ಗಿ ಒತ್ತಿಕೊಳ್ಳುತ್ತದೆ. ಬಾಲವು ಹೊಟ್ಟೆಯ ಕೆಳಗೆ ಸೇರಿರುತ್ತದೆ, ಕಿವಿಗಳು ಹಿಂದಕ್ಕೆ ಮಡಿಸಿರುತ್ತವೆ, ಮೈ ನಡುಗುತ್ತದೆ, ಬಿಸಿಲಿಲ್ಲದಿದ್ದರೂ ಏದುಸಿರು ಬಿಡುತ್ತದೆ, ನಿದ್ರೆಯಿಲ್ಲದೆಯೂ ಆಕಳಿಸುತ್ತದೆ. ಇಂಥ ಸಮಯದಲ್ಲಿ ದೂರ ನೂಕಿದರೆ ಭಯವು ಇಮ್ಮಡಿಯಾಗುವುದು. ಸಮಾಧಾನಪಡಿಸಿದರೆ ಅಂಜುಕುಳಿಯಾಗುತ್ತದೆಂಬ ನಂಬಿಕೆಗೆ ಆಧಾರವಿಲ್ಲ.

(೪) ಚಳಿ.— ಮಾಗಿಯ ಚಳಿಯಲ್ಲಿ ಮಂದೆಯ ನಾಯಿಯು ಕುರುಬನ ಕಂಬಳಿಗೆ ಒತ್ತಿ ಮಲಗುವುದು ಮರಿಯ ಕಾಲದ ಅಭ್ಯಾಸವೇ. ಕಾವಲುನಾಯಿಗೆ ಒಂದು ಹಳೆಯ ಗೋಣಿಚೀಲವನ್ನು ಹಾಸಿಕೊಡುವುದು ವ್ಯರ್ಥವಾದ ಖರ್ಚಲ್ಲ.

(೫) ಎದುರೊತ್ತು.— ಒರಗಿದ ನಾಯಿಯನ್ನು ಕೈಯಿಂದ ತಳ್ಳಿದರೆ ಅದು ದೂರ ಸರಿಯುವ ಬದಲು ಇನ್ನೂ ಬಲವಾಗಿ ಒತ್ತುವುದುಂಟು. ಇದು ಹಠವಲ್ಲ. ಒಂದು ಕಡೆಯಿಂದ ತಳ್ಳಿದಾಗ ಬೀಳದಿರಲು ದೇಹವು ಎದುರು ಕಡೆಗೆ ಬಲ ಹಾಕುತ್ತದೆ. ಮೂಗುದಾರ ಹಿಡಿದು ಎಳೆದಷ್ಟೂ ಹಿಂದಕ್ಕೆ ಜಗ್ಗುವ ಹೋರಿಯನ್ನು ಕಂಡವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ.

“ಯಜಮಾನಿಕೆ ತೋರಿಸುತ್ತದೆ” ಎಂಬ ತಪ್ಪು ತಿಳಿವಳಿಕೆ

ಒರಗುವ ನಾಯಿಯು ಮನುಷ್ಯನನ್ನು ಆಳಲು ಯತ್ನಿಸುತ್ತದೆಂಬ ಅಭಿಪ್ರಾಯವು ಓದಿದವರಲ್ಲಿಯೂ ಇದೆ. ಇದರ ಮೂಲವು ೧೯೪೭ರಲ್ಲಿ ಶೆಂಕೆಲ್ ಎಂಬ ವಿದ್ವಾಂಸನು ಸ್ವಿಟ್ಜರ್ಲೆಂಡಿನ ಮೃಗಾಲಯದ ತೋಳಗಳನ್ನು ನೋಡಿ ಬರೆದ ವಿಷಯದಲ್ಲಿದೆ. ಬೇರೆ ಬೇರೆ ಕಡೆಯಿಂದ ತಂದು ಒಂದೇ ಆವರಣದಲ್ಲಿ ಕೂಡಿಹಾಕಿದ ತೋಳಗಳು ಮೇಲುಗೈಗಾಗಿ ಜಗಳವಾಡಿದುದರಲ್ಲಿ ಆಶ್ಚರ್ಯವಿಲ್ಲ. ಆದರೆ ಕಾಡಿನ ತೋಳಗಳನ್ನು ಬಹು ವರ್ಷ ಹಿಂಬಾಲಿಸಿ ನೋಡಿದ ಅಮೆರಿಕದ ಡೇವಿಡ್ ಮೆಕ್ ಎಂಬವರು, ತೋಳಗಳ ಗುಂಪೆಂದರೆ ತಂದೆ, ತಾಯಿ, ಮಕ್ಕಳಿಂದಾದ ಒಂದು ಸಂಸಾರವೆಂದು ೧೯೯೯ರಲ್ಲಿ ಸ್ಪಷ್ಟಪಡಿಸಿದರು. ಮನೆಯ ನಾಯಿಯಾದರೋ ತೋಳವೂ ಅಲ್ಲ. ಆದುದರಿಂದ ಒರಗಿದ ನಾಯಿಗೆ “ಬುದ್ಧಿ ಕಲಿಸಲು” ಒದೆಯುವವನು, ನಂಬಿ ಬಂದುದಕ್ಕಾಗಿ ಶಿಕ್ಷಿಸಿದಂತಾಗುತ್ತದೆ. ಒದೆ ತಿಂದ ನಾಯಿಯು ಕೈಯನ್ನು ಕಂಡರೆ ಹೆದರುವುದನ್ನು ಕಲಿಯುತ್ತದೆ. ಹೆದರಿಕೆಯೇ ಕಚ್ಚುವುದಕ್ಕೆ ದೊಡ್ಡ ಕಾರಣ.

ಒಂದು ಎಚ್ಚರಿಕೆಯು ಮಾತ್ರ ಅವಶ್ಯಕ. ಅನ್ನದ ತಟ್ಟೆಯ ಬಳಿ, ಎಲುಬಿನ ಬಳಿ, ಮರಿಗಳ ಬಳಿ ನಾಯಿಯು ಮೈಯನ್ನು ಮರದಂತೆ ಬಿಗಿದು, ಬಾಯಿ ಮುಚ್ಚಿ, ಓರೆಗಣ್ಣಿನಿಂದ ನೋಡುತ್ತ ಅಡ್ಡ ನಿಂತರೆ ಅದು ಒರಗುವುದಲ್ಲ, ತಡೆಯುವುದು. ಆಗ ಕೈ ನೀಡದೆ ಹಿಂದಕ್ಕೆ ಸರಿಯತಕ್ಕದ್ದು. “ಬೊಗಳುವ ನಾಯಿ ಕಚ್ಚುವುದಿಲ್ಲ” ಎಂಬ ಗಾದೆಯನ್ನು ಇಲ್ಲಿ ನಂಬಲಾಗದು.

ರೋಗದಿಂದ ಒರಗುವುದು

ಇಲ್ಲಿಯವರೆಗೆ ಹೇಳಿದುದು ಆರೋಗ್ಯವಾದ ನಾಯಿಯ ವಿಷಯ. ಆದರೆ ನಾಯಿಯ ಒರಗುವ ಪದ್ಧತಿಯು ಇದ್ದಕ್ಕಿದ್ದಂತೆ ಬದಲಾದರೆ ರೋಗವನ್ನು ಸಂಶಯಿಸಬೇಕು.

ತಲೆಯನ್ನು ಗೋಡೆಗೋ ಕಂಬಕ್ಕೋ ಒತ್ತಿ, ಕರೆದರೂ ತಿರುಗದೆ ಬಹು ಹೊತ್ತು ಹಾಗೆಯೇ ನಿಲ್ಲುವುದು ಅತ್ಯಂತ ಕೆಟ್ಟ ಲಕ್ಷಣ. ಮಿದುಳಿನ ರೋಗ, ಯಕೃತ್ತಿನ ರೋಗ, ಸೀಸ ಮೊದಲಾದ ವಿಷಗಳು ಇದಕ್ಕೆ ಕಾರಣವಾಗಬಹುದು. ಇದು ಪ್ರೀತಿಯಿಂದ ತಲೆಯನ್ನು ಒತ್ತುವುದಕ್ಕಿಂತ ಬೇರೆ. ಅಲ್ಲಿ ನಾಯಿಯು ಮನುಷ್ಯನನ್ನು ಹುಡುಕಿಕೊಂಡು ಬರುತ್ತದೆ, ಇಲ್ಲಿ ಅದಕ್ಕೆ ಮನುಷ್ಯನ ಗೊಡವೆಯೇ ಇರುವುದಿಲ್ಲ. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು.

ಯಾವಾಗಲೂ ಒಂದೇ ಪಕ್ಕಕ್ಕೆ ವಾಲಿ, ತಲೆಯನ್ನು ಓರೆಮಾಡಿ, ಸುತ್ತಲೂ ತಿರುಗುತ್ತಿದ್ದರೆ ಕಿವಿಯ ಒಳಭಾಗದ ರೋಗವಿರಬಹುದು. ಹಿಂಗಾಲುಗಳು ತಡವರಿಸುತ್ತಿದ್ದು, ನಿಲ್ಲಲು ಆಧಾರಕ್ಕಾಗಿ ಒರಗುತ್ತಿದ್ದರೆ ಸೊಂಟದ ನೋವು, ಪೆಟ್ಟು, ಡಿಸ್ಟೆಂಪರ್ ಎಂಬ ಅಂಟುರೋಗ ಇವುಗಳಲ್ಲಿ ಯಾವುದೋ ಒಂದು ಇರಬಹುದು. ಮುದಿನಾಯಿಯು ಕಣ್ಣು ಮಂದವಾದಾಗ ಗೋಡೆಯನ್ನೂ ಯಜಮಾನನ ಕಾಲನ್ನೂ ಆಧಾರವಾಗಿ ಹಿಡಿದು ನಡೆಯುತ್ತದೆ. ಇದಕ್ಕೆ ಕರುಣೆಯೇ ಔಷಧ.

ಹುಚ್ಚುನಾಯಿ ರೋಗದ ವಿಷಯದಲ್ಲಿ ಎಚ್ಚರಿಕೆ

ಈ ಲೇಖನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗವಿದು. ಹುಚ್ಚು ಹಿಡಿದ ನಾಯಿಯೆಂದರೆ ಜೊಲ್ಲು ಸುರಿಸುತ್ತ, ಕಂಡಕಂಡವರನ್ನು ಕಚ್ಚುತ್ತ ಓಡುವುದೆಂದೇ ಸಾಮಾನ್ಯ ಜನರ ಭಾವನೆ. ಆದರೆ ರೋಗದ ಆರಂಭದಲ್ಲಿ ನಾಯಿಯ ಸ್ವಭಾವವು ಬದಲಾಗುತ್ತದೆ ಎಂಬುದಷ್ಟೇ ನಿಶ್ಚಯ. ಸಲಿಗೆಯ ನಾಯಿಯು ಕತ್ತಲೆಯ ಮೂಲೆಯನ್ನು ಸೇರಬಹುದು. ದೂರವಿರುತ್ತಿದ್ದ ನಾಯಿಯು ಅತಿಯಾದ ಪ್ರೀತಿಯನ್ನು ತೋರುತ್ತ ಮೈಮೇಲೆ ಬಿದ್ದು ಕೈಯನ್ನು ನೆಕ್ಕಬಹುದು. ಎಂದೂ ಹತ್ತಿರ ಬಾರದ ಬೀದಿನಾಯಿಯು ಒಂದು ದಿನ ಬಂದು ಮಕ್ಕಳ ಮೈಗೆ ಒರಗಿದರೆ ಸಂತೋಷಪಡುವ ಬದಲು ಎಚ್ಚರಗೊಳ್ಳಬೇಕು.

ಮತ್ತೊಂದು ಬಗೆಯಲ್ಲಿ ರೋಗವು ಮೂಕವಾಗಿರುತ್ತದೆ. ನಾಯಿಯು ಕಚ್ಚುವುದಿಲ್ಲ, ಕೆಳದವಡೆಯು ಜೋತುಬೀಳುತ್ತದೆ, ಜೊಲ್ಲು ಇಳಿಯುತ್ತದೆ, ನುಂಗಲಾಗುವುದಿಲ್ಲ, ಕಾಲುಗಳು ಸೋತು ಗೋಡೆಗೋ ಮನುಷ್ಯನಿಗೋ ವಾಲುತ್ತದೆ. ಇದನ್ನು ಕಂಡು “ಗಂಟಲಲ್ಲಿ ಎಲುಬು ಸಿಕ್ಕಿದೆ” ಎಂದು ಕನಿಕರದಿಂದ ಬಾಯೊಳಗೆ ಕೈಹಾಕುವವರುಂಟು. ಹೀಗೆ ಎಂದಿಗೂ ಮಾಡಕೂಡದು. ಕಚ್ಚಿಸಿಕೊಂಡ ಹಸು, ಎಮ್ಮೆಗಳು ಜೊಲ್ಲು ಸುರಿಸುತ್ತಿರುವಾಗಲೂ ಇದೇ ನಿಯಮವನ್ನು ಪಾಲಿಸತಕ್ಕದ್ದು.

ಆರೋಗ್ಯವಾದ ಚರ್ಮಕ್ಕೆ ನಾಯಿಯ ಮೈ ತಗಲಿದ ಮಾತ್ರಕ್ಕೆ ರೋಗವು ಬರುವುದಿಲ್ಲ. ರೋಗದ ವಿಷವು ಜೊಲ್ಲಿನಲ್ಲಿರುತ್ತದೆ; ಕಚ್ಚಿದ ಗಾಯ, ಪರಚಿದ ಗೀರು, ತರಚಿದ ಚರ್ಮದ ಮೇಲೆ ನೆಕ್ಕುವುದು ಇವುಗಳ ಮೂಲಕ ಅದು ಒಳಗೆ ಸೇರುತ್ತದೆ. ಒಮ್ಮೆ ರೋಗದ ಲಕ್ಷಣಗಳು ಮನುಷ್ಯನಲ್ಲಿ ತೋರಿದ ಮೇಲೆ ಬದುಕುವ ಆಸೆಯು ಇಲ್ಲವೆಂದೇ ಹೇಳಬೇಕು; ಆದರೆ ಅದಕ್ಕೆ ಮೊದಲೇ ಸರಿಯಾದ ಚಿಕಿತ್ಸೆಯಾದರೆ ರೋಗವನ್ನು ತಡೆಯಬಹುದು. ಆದುದರಿಂದ ಗಾಯವನ್ನು ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷಗಳ ಕಾಲ ತೊಳೆಯಬೇಕು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ, ಸೊಪ್ಪಿನ ರಸ ಮೊದಲಾದುವನ್ನು ಹಚ್ಚಕೂಡದು. ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದನ್ನು ಆರಂಭಿಸಬೇಕು. ಅದನ್ನು ಮೊದಲನೆಯ ದಿನ, ಅಲ್ಲಿಂದ ಮುಂದೆ ೩, ೭ ಮತ್ತು ೨೮ನೆಯ ದಿನ, ಚುಚ್ಚುವ ಕ್ರಮಕ್ಕನುಸಾರವಾಗಿ ೧೪ನೆಯ ದಿನವೂ ಕೊಡುತ್ತಾರೆ. ರಕ್ತ ಬಂದ ಗಾಯಕ್ಕೆ ಪ್ರತ್ಯೇಕವಾದ ಮತ್ತೊಂದು ಔಷಧವನ್ನು ಗಾಯದೊಳಕ್ಕೇ ಚುಚ್ಚಬೇಕಾಗುತ್ತದೆ. ಹೊಕ್ಕುಳ ಸುತ್ತ ೧೪ ಸೂಜಿಗಳೆಂಬ ಹಿಂದಿನ ಕಾಲದ ಭಯವನ್ನು ಬಿಡಬೇಕು. ಆ ಔಷಧದ ಬಳಕೆಯು ನಮ್ಮ ದೇಶದಲ್ಲಿ ೨೦೦೫ರ ಹೊತ್ತಿಗೇ ನಿಂತುಹೋಗಿದೆ. ಕಚ್ಚಿದ ನಾಯಿಯನ್ನು ಕೊಲ್ಲದೆ, ಕಟ್ಟಲು ಸಾಧ್ಯವಿದ್ದರೆ ಕಟ್ಟಿ ೧೦ ದಿನ ನೋಡಬೇಕು. ಆದರೆ ಅದರ ಫಲವನ್ನು ಕಾಯುತ್ತ ಚಿಕಿತ್ಸೆಯನ್ನು ತಡಮಾಡಕೂಡದು.

ನಾಯಿ ಸಾಕಿದವರು ಮಾಡತಕ್ಕುದೇನು?

೧. ಒರಗುವುದು ಬೇಡವೆನಿಸಿದರೆ ಒದೆಯದೆ, ತಳ್ಳದೆ, ಮಾತಾಡದೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ನಾಲ್ಕು ಕಾಲೂರಿ ಸುಮ್ಮನೆ ನಿಂತಾಗ ತಲೆ ಸವರಿರಿ. ಕೆಲವು ದಿನಗಳಲ್ಲಿ ಅದು ಕಲಿಯುತ್ತದೆ.

೨. ಹಗಲೆಲ್ಲ ಸರಪಣಿಯಲ್ಲಿಟ್ಟ ನಾಯಿಯು ಬಿಟ್ಟೊಡನೆ ಮೈಮೇಲೆ ಬೀಳುವುದು ಸಹಜ. ದಿನಕ್ಕೆ ಎರಡು ಬಾರಿಯಾದರೂ ಹೊಲದ ಕಡೆಗೆ ಕರೆದೊಯ್ದರೆ ಈ ಉಪದ್ರವವು ತಗ್ಗುತ್ತದೆ.

೩. ದೊಡ್ಡ ನಾಯಿಯ ಭಾರಕ್ಕೆ ಮುದುಕರೂ ಬಸುರಿಯರೂ ಚಿಕ್ಕ ಮಕ್ಕಳೂ ಬೀಳುವ ಅಪಾಯವಿದೆ. ಅವರ ಬಳಿ ನಾಯಿಯು ಕುಳಿತಿರುವಂತೆ ಅಭ್ಯಾಸ ಮಾಡಿಸಿರಿ.

೪. ಮಕ್ಕಳಿಗೆ ಹೀಗೆ ಕಲಿಸಿರಿ: ಕೆಲವು ಕ್ಷಣ ಸವರಿ ಕೈ ತೆಗೆಯಬೇಕು, ನಾಯಿಯು ಮತ್ತೆ ಒರಗಿದರೆ ಅದಕ್ಕೆ ಬೇಕೆಂದು ಅರ್ಥ, ಮುಖ ತಿರುಗಿಸಿದರೆ ಸಾಕೆಂದು ಅರ್ಥ. ಪರರ ನಾಯಿಯನ್ನೂ ಬೀದಿನಾಯಿಯನ್ನೂ ಮುಟ್ಟಲೇಕೂಡದು.

೫. ಮರಿಗೆ ೩ ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಅನಂತರ ಪಶುವೈದ್ಯರು ಹೇಳಿದ ಮೇರೆಗೆ ಪ್ರತಿ ವರ್ಷವೂ ಹಾಕಿಸಿರಿ.

ಗ್ರಾಮದ ಮುಖಂಡರ ಹೊಣೆ

ಒಬ್ಬನ ನಾಯಿಗೆ ಲಸಿಕೆಯಾದ ಮಾತ್ರಕ್ಕೆ ಊರು ಸುರಕ್ಷಿತವಾಗುವುದಿಲ್ಲ. ನೂರು ನಾಯಿಗಳಲ್ಲಿ ೭೦ಕ್ಕಾದರೂ ಲಸಿಕೆಯಾದರೆ ರೋಗವು ಹರಡುವುದು ನಿಲ್ಲುತ್ತದೆಂದು ಲೆಕ್ಕವಿದೆ. ಆದುದರಿಂದ ಊರಿನ ನಾಯಿಗಳ ಪಟ್ಟಿಯನ್ನು ತಯಾರಿಸಿ, ಪಶುವೈದ್ಯರನ್ನು ಕರೆಸಿ, ವರ್ಷಕ್ಕೊಂದು ದಿನ ಎಲ್ಲಕ್ಕೂ ಲಸಿಕೆ ಹಾಕಿಸುವುದು ಮುಖಂಡರಿಗೆ ಅಸಾಧ್ಯವಾದ ಕೆಲಸವಲ್ಲ. ಬೀದಿನಾಯಿಗಳಿಗೆ ವಿಷವಿಡುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಮೇರೆಗೆ ಅಪರಾಧ. ಅದರಿಂದ ಪ್ರಯೋಜನವೂ ಇಲ್ಲ, ಏಕೆಂದರೆ ಸತ್ತ ನಾಯಿಗಳ ಸ್ಥಳಕ್ಕೆ ಲಸಿಕೆಯಿಲ್ಲದ ಹೊಸ ನಾಯಿಗಳು ಬಂದು ಸೇರುತ್ತವೆ.

ಲೇಖನದ ಸಾರಾಂಶವಿಷ್ಟೇ. ನಿಮ್ಮ ನಾಯಿಯು ದಿನವೂ ಹೇಗೆ ಒರಗುತ್ತದೆಂಬುದನ್ನು ಮೊದಲು ತಿಳಿದುಕೊಳ್ಳಿರಿ. ದಿನದಂತೆ ಒರಗಿದರೆ ಅದು ನಿಮ್ಮನ್ನು ನಂಬಿದೆ. ಒಂದು ಕ್ಷಣ ಅದರ ತಲೆಯ ಮೇಲೆ ಕೈಯಾಡಿಸಿ ನಿಮ್ಮ ಕೆಲಸಕ್ಕೆ ಹೋಗಿರಿ. ದಿನದಂತಲ್ಲದೆ ಒರಗಿದರೆ ಮಕ್ಕಳನ್ನು ದೂರವಿರಿಸಿ ಪಶುವೈದ್ಯರಿಗೆ ಹೇಳಿಕಳುಹಿಸಿರಿ. ಎತ್ತು ಮೇವು ಬಿಟ್ಟ ದಿನವೇ ರೋಗವನ್ನು ಗುರುತಿಸಬಲ್ಲ ಕಣ್ಣು ರೈತನಿಗಿದೆ. ಅದೇ ಕಣ್ಣನ್ನು ಬಾಗಿಲು ಕಾಯುವ ಪ್ರಾಣಿಯ ಕಡೆಗೂ ಸ್ವಲ್ಪ ತಿರುಗಿಸಬೇಕೆಂಬುದೇ ನಮ್ಮ ಸೂಚನೆ.